ಗೂಡಿನೊಳಗಿನ ಹುಲ್ಲು

ನಂಜನಗೂಡಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ತರಗತಿಯಲ್ಲಿ ನನ್ನನ್ನು ಗೊಂದಲಕ್ಕೆ ಕೆಡವುವುದು ಸುಲಭವಲ್ಲ. ಹುಡುಗರು ಪ್ರಯತ್ನಪಟ್ಟು ಸೋತಿದ್ದಾರೆ. ಪುಸ್ತಕದಲ್ಲಿರುವುದನ್ನು ಪುಸ್ತಕದಲ್ಲಿದ್ದ ಹಾಗೇ ಹೇಳುವವಳಿಗೆ ಗೊಂದಲ ಎಲ್ಲಿಂದ ಬಂದೀತು? ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅರಣ್ಯ ಇಲಾಖೆಯ ರೇಂಜ್ ಆಫೀಸರೊಬ್ಬರು ನಮ್ಮ ಸ್ಟಾಫ್ ರೂಮಿಗೆ ಬಂದು, ಕೊಟ್ಟ ಟೀ ಕುಡಿದು, ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದೂ ಆಯಿತು, ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡದ್ದೂ ಆಯಿತು, ಮತ್ತೆ ಇನ್ನೊಂದು ಕೊಟ್ಟದ್ದೂ ಆಯಿತು. ಆ ಎರಡನೆಯದಾದರೂ ಸರಿಯೇ ಎಂದು ಆಣೆ ಮಾಡಿ ಹೇಳು ಅಂದರೆ ಈಗಲೂ ನಾನು ಬಾಯಿ ಬಿಡುವುದಿಲ್ಲ.

"ಮೇಡಂ, ನಿಮ್ಮೂರಿನ ಜಿಂಕೆವನದಲ್ಲಿ ಎಷ್ಟು ಜಿಂಕೆ ಇಟ್ಟರೆ ಅಲ್ಲಿನ ಹುಲ್ಲು ತಡೆಯುತ್ತೆ? ನೀವು ಸಸ್ಯಶಾಸ್ತ್ರದವರು, ಅದೇ ಊರಿನವರು. ನಿಮಗಿಂತ ಯಾರು ಹೇಳಬೇಕು?" ಎಂದರು.

ಹೊಗಳಿದರೆ ನಾನು ಬೀಳುತ್ತೇನೆ. ಅದು ನನ್ನ ಮನೆಯವರಿಗೆಲ್ಲ ಗೊತ್ತು. ಆ ಅಧಿಕಾರಿಗೆ ಹೇಗೆ ಗೊತ್ತಾಯಿತೋ. ಒಪ್ಪಿಕೊಂಡುಬಿಟ್ಟೆ.

ನಮ್ಮೂರು ನರಸೀಪುರ ತಾಲ್ಲೂಕಿನಲ್ಲಿ, ಸೋಮನಾಥಪುರದ ರಸ್ತೆಯಿಂದ ಸ್ವಲ್ಪ ಒಳಗೆ. ಊರ ಹಿಂದೆ ಕಲ್ಲು, ಜಾಲಿ, ಎಲಚಿ ಗಿಡಗಳ ಒಂದು ಒಣ ದಿಣ್ಣೆಯಿದೆ. ನಾನು ಚಿಕ್ಕವಳಿದ್ದಾಗ ಅದು ಗೋಮಾಳ. ಊರಿನ ಎಲ್ಲ ಕೇರಿಯ ದನವೂ ಅಲ್ಲೇ ಮೇಯುತ್ತಿತ್ತು; ಮನುಷ್ಯರು ಬೇರೆಬೇರೆ ಬಾವಿಯಲ್ಲಿ ನೀರು ಸೇದುತ್ತಿದ್ದ ಕಾಲದಲ್ಲೂ ದನಗಳಿಗೆ ಆ ತಾಪತ್ರಯ ಇರಲಿಲ್ಲ. ಆಮೇಲೆ ಅಲ್ಲಿ ಉಳಿದಿದ್ದ ಕೆಲವು ಕೃಷ್ಣಮೃಗಗಳಿಗಾಗಿ ಸುತ್ತಲೂ ತಂತಿ ಬೇಲಿ ಹಾಕಿ, ಎಲ್ಲಿಂದಲೋ ಚುಕ್ಕೆ ಜಿಂಕೆಗಳನ್ನೂ ತಂದುಬಿಟ್ಟು, ಜಿಂಕೆವನ ಎಂದು ಬೋರ್ಡ್ ಹಾಕಿದರು. ದೊಡ್ಡ ಕಾಡೇನಲ್ಲ. ಬೆಳಿಗ್ಗೆ ಬೇಲಿಗುಂಟ ಒಂದು ಸುತ್ತು ಹಾಕಿದರೆ ತಿಂಡಿಗೆ ಒಳ್ಳೆಯ ಹಸಿವಾಗುತ್ತದೆ, ಅಷ್ಟೇ.

ಬೇಲಿ ಹಾಕುವಾಗ ಊರಿನಲ್ಲಿ ಜಗಳವಾಗಿ ಕೊನೆಗೊಂದು ಒಪ್ಪಂದವಾಗಿತ್ತು. ದನ ಒಳಗೆ ಬರಕೂಡದು. ಆದರೆ ದಿಣ್ಣೆಯ ಹಿಂಭಾಗವನ್ನು ಒಂದು ಅಡ್ಡಬೇಲಿ ಹಾಕಿ ಬೇರೆ ಮಾಡಿದ್ದರು. ಅದನ್ನು ಹಿಂದಲ ಬಾರೆ ಅನ್ನುತ್ತಾರೆ. ಅಲ್ಲಿಗೆ ಜಿಂಕೆ ಬಿಟ್ಟಿರಲಿಲ್ಲ. ಊರಿನ ಹೆಂಗಸರು ಕುಡುಗೋಲು ಹಿಡಿದು ಹೋಗಿ ಅಲ್ಲಿ ಹುಲ್ಲು ಕೊಯ್ದು ಹೊರೆ ಕಟ್ಟಿಕೊಂಡು ಬರಬಹುದಾಗಿತ್ತು. ನನ್ನ ಅತ್ತಿಗೆ ಹಾಗೆ ಕೊಯ್ಯುವವರಲ್ಲಿ ಒಬ್ಬಳು. ಅಣ್ಣ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಅತ್ತಿಗೆ ಊರಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಜೊತೆಗೆ ಜಿಂಕೆವನದಲ್ಲೇ ದಿನಗೂಲಿ: ಕುಡಿಯುವ ತೊಟ್ಟಿಗಳಿಗೆ ನೀರು ಬಿಡುವುದು, ಲಂಟಾನ ಕೀಳುವುದು. ಹೊಲವಿಲ್ಲದ ಮನೆಗೆ ಹಿಂದಲ ಬಾರೆಯೇ ಹೊಲ.

ಅಧಿಕಾರಿ ಸುಮ್ಮನೆ ಕುತೂಹಲಕ್ಕೆ ನನ್ನನ್ನು ಕೇಳಿರಲಿಲ್ಲ. ಬೇರೊಂದು ಜಿಲ್ಲೆಯ ಜಿಂಕೆವನದಲ್ಲಿ ಜಿಂಕೆಗಳು ಹೆಚ್ಚಾಗಿ ಕಾಲಿಡಲು ಜಾಗವಿಲ್ಲದಂತಾಗಿತ್ತು. ಬೇಲಿಯೊಳಗೆ ಚಿರತೆ ಇಲ್ಲ, ಹೊರಗೆ ಹೋಗಲು ದಾರಿ ಇಲ್ಲ. ಮರಿ ಹಾಕುತ್ತಲೇ ಇರುತ್ತವೆ. ಅಲ್ಲಿಯ ಹೆಚ್ಚುವರಿ ಜಿಂಕೆಗಳನ್ನು ನಮ್ಮೂರಿಗೆ ತರಬಹುದೇ ಎಂಬುದು ಪ್ರಶ್ನೆ. ಹುಲ್ಲು ಸಾಕಷ್ಟಿದೆ ಎಂದು ನಾನು ಹೇಳಿದರೆ ಅವು ಬರುತ್ತವೆ, ಅಡ್ಡಬೇಲಿ ತೆಗೆದು ಹಿಂದಲ ಬಾರೆಯನ್ನೂ ಅವಕ್ಕೆ ಬಿಡುತ್ತಾರೆ, ಕುಡುಗೋಲಿಗೆ ಅಲ್ಲಿ ಕೆಲಸವಿರುವುದಿಲ್ಲ. ಇಲ್ಲ ಎಂದರೆ ಎಲ್ಲವೂ ಇದ್ದ ಹಾಗೆ ಇರುತ್ತದೆ. ಒಂದು ಸಂಖ್ಯೆಯ ಮೇಲೆ ಅತ್ತಿಗೆಯ ಎರಡು ಹಸು ನಿಂತಿದ್ದವು. ಆ ಸಂಖ್ಯೆ ಹೇಳಬೇಕಾದವಳು ನಾನು.

ಆ ಭಾನುವಾರ ಊರಿಗೆ ಹೋಗಿ ಅತ್ತಿಗೆಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಹಸುವಿನ ಮುಂದೆ ಹುಲ್ಲು ಉದುರಿಸುತ್ತ ಕೇಳಿಸಿಕೊಂಡಳು.

"ಕಮ್ಮಿ ಬರ್ಕೊ ಅಂತ ನಾನೇನು ಏಳಕಿಲ್ಲ ಕಣವ್ವ," ಅಂದಳು. "ಓದಿರೋಳು ನೀನು. ಇರೋದ್ನ ಇದ್ದಂಗೆ ಬರಿ. ನಿನ್ ಮಾತ್ ಕೆಡಬಾರ್ದು."

ಕಡಿಮೆ ಬರೆ ಎಂದು ಬಾಯಿಬಿಟ್ಟು ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದು, ಆಗುವುದಿಲ್ಲ ಎಂದು ಹೇಳಿ, ನೆಮ್ಮದಿಯಾಗಿ ನಂಜನಗೂಡಿನ ಬಸ್ ಹತ್ತಬಹುದಿತ್ತು. ಕೇಳದೆ ಇದ್ದುದರಿಂದ ಅವಳ ಎರಡು ಹಸುಗಳೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದವು.

ಲೆಕ್ಕ ಮಾಡುವ ಕ್ರಮ ಕೇಳುವುದಕ್ಕೆ ಸರಳವಾಗಿದೆ. ಮೇಯುವ ಪ್ರಾಣಿಗಳಿರುವ ಕಡೆ ಹುಲ್ಲು ನಿಜವಾಗಿ ಎಷ್ಟು ಬೆಳೆಯುತ್ತದೆ ಎಂದು ತಿಳಿಯಬೇಕಾದರೆ, ಅವು ಬಾಯಿ ಹಾಕಲಾಗದ ಸ್ವಲ್ಪ ಜಾಗ ಬೇಕು. ಅದಕ್ಕೆ ತಂತಿಯ ಜಾಲರಿಯಿಂದ ಗೂಡು ಮಾಡಿ ನೆಲಕ್ಕೆ ಬಿಗಿದು ಕೂರಿಸುತ್ತಾರೆ. ಒಬ್ಬರು ಚಕ್ಕಳಮಕ್ಕಳ ಹಾಕಿಕೊಂಡು ಕೂರುವಷ್ಟು ಅಗಲ. ಮಳೆಗಾಲ ಮುಗಿದ ಮೇಲೆ ಗೂಡಿನೊಳಗಿನ ಹುಲ್ಲನ್ನು ಕತ್ತರಿಸಿ, ಒಣಗಿಸಿ, ತೂಗುವುದು. ಅದನ್ನು ಇಡೀ ದಿಣ್ಣೆಗೆ ಗುಣಿಸುವುದು. ಬಂದದ್ದರಲ್ಲಿ ಅರ್ಧವನ್ನು ಬೇರಿಗೆ, ಮಣ್ಣಿಗೆ, ಗೆದ್ದಲಿಗೆ, ತುಳಿತಕ್ಕೆ ಎಂದು ಬಿಟ್ಟು, ಉಳಿದದ್ದನ್ನು ಒಂದು ಜಿಂಕೆ ವರ್ಷಕ್ಕೆ ತಿನ್ನುವುದರಿಂದ ಭಾಗಿಸುವುದು. ಏಳನೇ ತರಗತಿಯ ಗಣಿತ.

ಆದರೆ ಒಂದೊಂದು ಅಂಕಿಯನ್ನು ಕೈಗೆ ತೆಗೆದುಕೊಂಡಾಗಲೂ ಅದು ಜಾರಿತು. ಅರ್ಧ ಬಿಡಬೇಕು ಎಂದು ಒಂದು ಪುಸ್ತಕ, ಅರ್ಧಕ್ಕಿಂತ ಹೆಚ್ಚು ಬಿಡಬೇಕು ಎಂದು ಇನ್ನೊಂದು. ಜಿಂಕೆ ಬರೀ ಹುಲ್ಲು ತಿನ್ನುವುದಿಲ್ಲ. ಎಲಚಿ ಹಣ್ಣು, ಜಾಲಿ ಕಾಯಿ, ಸೊಪ್ಪು ಎಲ್ಲಕ್ಕೂ ಬಾಯಿ ಹಾಕುತ್ತದೆ. ಕೃಷ್ಣಮೃಗಕ್ಕೆ ಗಿಡ್ಡ ಹುಲ್ಲು ಇಷ್ಟ, ಎತ್ತರ ಬೆಳೆದರೆ ಮೂಸುವುದೂ ಇಲ್ಲ. ಒಳ್ಳೆಯ ಮಳೆ ಬಂದ ವರ್ಷದ ಲೆಕ್ಕ ಹಿಡಿಯಬೇಕೋ, ಕೆಟ್ಟ ವರ್ಷದ್ದೋ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಹಾಸಿಗೆಯೇ ಒಂದು ವರ್ಷ ಉದ್ದ, ಒಂದು ವರ್ಷ ಗಿಡ್ಡ ಆಗುತ್ತಿದ್ದರೆ ಕಾಲು ಏನು ಮಾಡಬೇಕು ಎಂದು ಗಾದೆ ಮಾಡಿದವರು ಹೇಳಿಲ್ಲ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಐದು ಗೂಡು ಕೂರಿಸಿದೆವು. ಅಧಿಕಾರಿ ಒಂದೊಂದರ ಮೇಲೂ ತಗಡಿನ ಬಿಲ್ಲೆ ಕಟ್ಟಿಸಿ ಅದರಲ್ಲಿ ನನ್ನ ಹೆಸರು, ಕಾಲೇಜಿನ ಹೆಸರು ಬರೆಸಿದರು. ಯಾರೂ ಮುಟ್ಟಬಾರದು ಎಂದು. ನನಗೆ ಒಳಗೊಳಗೇ ಸಂತೋಷವಾಯಿತು. ನಮ್ಮ ಕೇರಿಯವಳ ಹೆಸರು ಗೋಮಾಳದಲ್ಲಿ ಬಿಳಿ ಬಣ್ಣದಲ್ಲಿ ನಿಂತದ್ದು ಸಣ್ಣ ವಿಷಯವಲ್ಲ.

ಊರಿನವರಿಗೆ ಗೂಡು ಕಂಡರೆ ತಮಾಷೆ. ಜಿಂಕೆಯನ್ನು ಬಿಟ್ಟು ಹುಲ್ಲನ್ನು ಬೋನಿಗೆ ಹಾಕಿದ್ದಾರಲ್ಲ ಎಂದು ನಕ್ಕರು. ಅವರಲ್ಲಿ ಒಬ್ಬ ಯಜಮಾನರಿದ್ದರು, ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಮಠಕ್ಕೆ ನಡೆದುಕೊಳ್ಳುವವರು, ಜಿಂಕೆವನದ ಸಮಿತಿಯ ಸದಸ್ಯರು. ಪ್ರತಿ ಸೋಮವಾರ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿ, ಬರುವಾಗ ಬಾಳೆಹಣ್ಣಿನ ಗೊನೆ ತಂದು ಬೇಲಿಯ ಸಂದಿನಲ್ಲಿ ಜಿಂಕೆಗಳಿಗೆ ತಿನ್ನಿಸುತ್ತಿದ್ದರು. ಹಾಗೆ ತಿನ್ನಿಸಬಾರದು, ನನ್ನ ಲೆಕ್ಕ ಕೆಡುತ್ತದೆ ಎಂದು ನಾನು ಒಂದು ಸಲ ಹೇಳಿದೆ.

"ನಂಜುಂಡನ ಕೈಲಿರೋ ಮೃಗ ಕಣ್ರೀ ಮೇಡಮ್ಮೋರೇ ಅದು," ಎಂದರು ನಗುತ್ತ. "ಅವ್ನು ಕೈಲಿ ಇಟ್ಕೊಳೋವಾಗ ಎಷ್ಟು ಉಲ್ಲು ತಿಂತದೆ ಅಂತ ಕೇಳಿದ್ನಾ? ಬರೋವು ಬರ್ಲಿ ಬುಡಿ."

ಶಿವನ ಕೈಯಲ್ಲಿರುವುದು ಒಂದೇ ಒಂದು ಜಿಂಕೆ, ಅದೂ ಮರಿ ಹಾಕುವುದಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಆಷಾಢದಲ್ಲಿ ಮಳೆ ಕೈಕೊಟ್ಟಿತು. ಗಾಳಿಯೊಂದೇ ಬೀಸುತ್ತಿತ್ತು. ಪರೀಕ್ಷೆ, ಮೌಲ್ಯಮಾಪನ ಎಂದು ನನಗೆ ಬಿಡುವಾಗದೆ ಹಿಂಗಾರು ಶುರುವಾಗುವ ಹೊತ್ತಿಗೆ ಹೋಗಿ ನೋಡಿದರೆ ನನಗೆ ಅರ್ಥವೇ ಆಗಲಿಲ್ಲ. ಗೂಡಿನ ಹೊರಗೆಲ್ಲ ಹುಲ್ಲು ನೆಲಕ್ಕೆ ಅಂಟಿಕೊಂಡಿತ್ತು, ಅದು ಸರಿ, ಜಿಂಕೆ ಮೇಯ್ದಿವೆ. ಆದರೆ ನಾಲ್ಕು ಗೂಡುಗಳೊಳಗೆ ಹುಲ್ಲು ಜಾಲರಿಯನ್ನೇ ಎತ್ತುವ ಹಾಗೆ ಬೆಳೆದಿತ್ತು. ಐದನೆಯದು, ಬಂಡೆಯ ಆಚೆ ದೂರದಲ್ಲಿದ್ದದ್ದು, ಒಣಕಲು. ಮಣ್ಣು ಒಂದೇ, ಮಳೆ ಒಂದೇ. ಇದೇನು ಮಾಯ?

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಾರಣ ಹುಡುಕುವುದು ನಮ್ಮಂಥವರಿಗೆ ಸಲೀಸು. ಮಣ್ಣಿನ ಆಳ ಹೆಚ್ಚಿರಬಹುದು ಎಂದು ಸಲಾಕೆಯಿಂದ ಕುಟ್ಟಿ ನೋಡಿದೆ. ಜಿಂಕೆ ಗೊಬ್ಬರದಿಂದ ಇರಬಹುದು ಎಂದುಕೊಂಡೆ. ಮೇಯದೆ ಬಿಟ್ಟರೆ ಈ ನೆಲದಲ್ಲಿ ಇಷ್ಟು ಶಕ್ತಿ ಇದೆಯಲ್ಲ, ಗೋಮಾಳವನ್ನು ನಾವು ಹೀನಾಯವಾಗಿ ನೋಡಿದೆವಲ್ಲ ಎಂದು ನನ್ನ ಕಣ್ಣಲ್ಲಿ ನೀರೂ ಬಂತು. ಬಂಡೆಯ ಆಚೆಯ ಗೂಡನ್ನು ಕಲ್ಲು ನೆಲದ ತಪ್ಪು ಎಂದು ಪಕ್ಕಕ್ಕಿಟ್ಟೆ. ಮಳೆ ಮುಗಿದ ಮೇಲೆ ಹುಲ್ಲನ್ನು ಕತ್ತರಿಸಿ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ನಂಜನಗೂಡಿಗೆ ತಂದು, ನನ್ನ ಬಾಡಿಗೆ ಮನೆಯ ತಾರಸಿಯ ಮೇಲೆ ಒಣಗಿಸಿ, ಕಾಲೇಜಿನ ತಕ್ಕಡಿಯಲ್ಲಿ ತೂಗಿದೆ. ಎಷ್ಟು ಸಲ ತೂಗಿದರೂ ಅಷ್ಟೇ ಬಂತು. ಹೇಗೆ ಭಾಗಿಸಿದರೂ, ಈಗಿರುವ ಜಿಂಕೆಗಳ ಮೇಲೆ ಇನ್ನೊಂದು ಹಿಂಡು ಸುಖವಾಗಿ ಬದುಕಬಹುದು ಎಂದೇ ಆಯಿತು.

ಸಂಖ್ಯೆ ಕಡಿಮೆ ಬರಲಿ ಎಂದು ನಾನು ಆಸೆಪಟ್ಟಿದ್ದೆ. ಆಸೆಪಟ್ಟದ್ದರಿಂದಲೇ ಅದನ್ನು ಕಡಿಮೆ ಮಾಡಲು ಹೆದರಿಕೆ. ಇದು ನ್ಯಾಯವೋ, ನ್ಯಾಯವಂತಳು ಎಂದು ಅನ್ನಿಸಿಕೊಳ್ಳುವ ಚಪಲವೋ ತಿಳಿಯಲಿಲ್ಲ. ಸಮಿತಿಯ ಸಭೆಯಲ್ಲಿ ಬಂದ ಸಂಖ್ಯೆಯನ್ನು ಬಂದ ಹಾಗೇ ಓದಿದೆ. ಯಜಮಾನರು ಕೈ ಮುಗಿದರು. ಅಧಿಕಾರಿ, ಸಂಕ್ರಾಂತಿ ಕಳೆದ ಮೇಲೆ ಜಿಂಕೆಗಳನ್ನು ತರಿಸೋಣ, ಅಷ್ಟರಲ್ಲಿ ಅಡ್ಡಬೇಲಿ ತೆಗೆಸುತ್ತೇನೆ ಎಂದರು. ಎಲ್ಲರಿಗೂ ಬೋಂಡ, ಕಾಫಿ ಬಂತು. ನನ್ನ ಬೋಂಡವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ನೇರವಾಗಿ ಅತ್ತಿಗೆಯ ಮನೆಗೆ ಹೋದೆ. ಬೇರೆಯವರ ಬಾಯಿಂದ ಅವಳಿಗೆ ತಿಳಿಯುವುದು ಬೇಡವಾಗಿತ್ತು.

"ಹಿಂದಲ ಬಾರೆ ಹೋಯ್ತು ಅತ್ಗೆ," ಎಂದೆ. "ನಾನು ಏನ್ ಮಾಡ್ಲಿ? ಹುಲ್ಲು ಅಷ್ಟು ಬೆಳ್ದಿತ್ತು."

ಅವಳ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ, ನಾನೆಂದೂ ಎಣಿಸದ ರೀತಿಯಲ್ಲಿ, ಅವಳು ಸಣ್ಣಗೆ ನಕ್ಕಳು. ಮಗು ಪಾಸಾದಾಗ ತಾಯಂದಿರು ನಗುವ ಹಾಗೆ.

"ಬೆಳೀದೆ ಏನ್ ಮಾಡಾದು? ಅಷ್ಟ್ ನೀರ್ ಉಯ್ದಿವ್ನಿ."

"ಏನಂದೆ?"

"ಆಷಾಡ್ದಲ್ಲಿ ಮಳೆ ನಿಂತೋಯ್ತಲ್ಲ, ನಿನ್ ಗೂಡ್ನಲ್ಲಿ ಉಲ್ಲು ಕೆಂಪಗಾಯ್ತಾ ಇತ್ತು. ತೊಟ್ಟಿಗೆ ನೀರ್ ಬಿಡೋವಾಗ ಪೈಪ್ನ ಅಂಗೇ ಎಳ್ಕಂಡೋಗಿ ಮೂರಕ್ಕೂ ಬಿಡ್ತಿದ್ದೆ. ನಾಕ್ನೇದಕ್ಕೆ ಪೈಪ್ ಎಟುಕ್ನಿಲ್ಲ, ಬಿಂದ್ಗೇಲಿ ಒತ್ತೆ. ಬಂಡೆ ಆಚೆದಕ್ಕೆ ಮಾತ್ರ ನನ್ ಕೈಲಿ ಆಗ್ನಿಲ್ಲ ಕಣವ್ವ. ಮಂಡಿ ನೋವು."

ನಾನು ಹಟ್ಟಿಯ ಜಗುಲಿಯ ಮೇಲೆ ಕೂತುಬಿಟ್ಟೆ. ಮಣ್ಣಿನ ಆಳವೂ ಇಲ್ಲ, ಜಿಂಕೆ ಗೊಬ್ಬರವೂ ಇಲ್ಲ, ಗೋಮಾಳದ ಶಕ್ತಿಯೂ ಇಲ್ಲ. ನಾನು ತಾರಸಿಯ ಮೇಲೆ ಒಣಗಿಸಿ ತೂಗಿದ್ದು ನನ್ನ ಅತ್ತಿಗೆ ಹೊತ್ತ ನೀರನ್ನು. ಸಿಟ್ಟು ನೆತ್ತಿಗೇರಿತು.

"ಯಾಕ್ ಮಾಡ್ದೆ? ನಿನ್ನ ಹುಲ್ಲನ್ನ ನೀನೇ ಕಳ್ಕೊಂಡಲ್ಲ. ಅದು ಒಣಗಿದ್ರೆ ನಿನಗೇ ಒಳ್ಳೇದಾಗ್ತಿತ್ತು. ನಾನು ಅಷ್ಟು ಬಿಡಿಸಿ ಹೇಳಿರ್ಲಿಲ್ವಾ?"

"ನೀನ್ ಏಳಿದ್ದೆ," ಅಂದಳು. "ಆದ್ರೆ ಅದರ್ ಮ್ಯಾಲೆ ನಿನ್ ಎಸ್ರು ಬರ್ದವ್ರಲ್ಲ. ಎಸ್ರು ಬರ್ದಿರೋದು ಒಣಗೋದ್ರೆ ಜನ ಏನಂದ್ಕಂಡಾರು? ಓದಿದೋಳ್ ಕೈಲಿ ಉಲ್ಲೂ ಬರ್ನಿಲ್ಲ ಅಂತ ಆಡ್ಕಳಾಕಿಲ್ವಾ?"

ನಾನು ಜೋರಾಗಿ ಏನೇನೋ ಬೈದೆ. ಅವಳು ಹಸುವಿನ ಮೈ ತಿಕ್ಕುತ್ತಿದ್ದಳು.

ನರಸೀಪುರದಿಂದ ನಂಜನಗೂಡಿನ ಬಸ್ಸಿನಲ್ಲಿ ಅಂದು ನನ್ನ ತಲೆ ಮಜ್ಜಿಗೆಯ ಗಡಿಗೆಯಾಗಿತ್ತು. ಹೋಗಿ ನಿಜ ಹೇಳಿದರೆ ಹುಲ್ಲು ಉಳಿಯುತ್ತದೆ. ಆದರೆ ಸರ್ಕಾರಿ ಕೆಲಸ ಕೆಡಿಸಿದವಳು ಎಂದು ಅತ್ತಿಗೆಯ ದಿನಗೂಲಿ ಹೋಗುತ್ತದೆ. ಹೇಳದಿದ್ದರೆ ಕೂಲಿ ಉಳಿಯುತ್ತದೆ, ಹುಲ್ಲು ಹೋಗುತ್ತದೆ, ಹಸು ಹೋಗುತ್ತದೆ. ಅಷ್ಟೇ ಆಗಿದ್ದರೆ ಇನ್ನೂ ತಡೆಯಬಹುದಿತ್ತು. ಪೈಪಿನ ನೀರಿನಲ್ಲಿ ಬೆಳೆದ ಹುಲ್ಲನ್ನು ನಂಬಿಕೊಂಡು ಲಾರಿಯಲ್ಲಿ ಬರುವ ಜಿಂಕೆಗಳಿವೆಯಲ್ಲ, ಅವು ಬೇಸಿಗೆಯಲ್ಲಿ ಏನು ತಿನ್ನಬೇಕು? ಬೇಲಿ ಹಾರಿ ಎಲ್ಲಿಗೆ ಹೋಗಬೇಕು? ಕಪಿಲೆಯ ಸೇತುವೆ ದಾಟುವಾಗ ಪಕ್ಕೆಲುಬು ಕಾಣುವ ಜಿಂಕೆ ಕಣ್ಣ ಮುಂದೆ ಬಂತು.

ಎರಡು ದಿನ ರಜೆ ಹಾಕಿದೆ. ಮೂರನೆಯ ದಿನ ಅಧಿಕಾರಿಯ ಕಚೇರಿಗೆ ಹೋಗಿ, ಕೂರದೆ, ನಿಂತುಕೊಂಡೇ ಹೇಳಿದೆ: "ಸರ್, ನಾನು ಕೊಟ್ಟ ಸಂಖ್ಯೆ ತಪ್ಪು. ಗೂಡುಗಳಿಗೆ ತೊಟ್ಟಿಯ ಪೈಪಿನ ನೀರು ಹೋಗಿದೆ. ಆ ಹುಲ್ಲು ಮಳೆಯದಲ್ಲ."

ಅವರು ಪೆನ್ನು ಕೆಳಗಿಟ್ಟರು. "ಪೈಪಿನ ನೀರು ತಾನಾಗಿ ದಿಣ್ಣೆ ಹತ್ತಿ ಹೋಯ್ತಾ?"

ನಾನು ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ಪೈಪ್ ಹಿಡಿದವರು ಯಾರು ಅಂತ ನಾನು ಕೇಳಲ್ಲ ಮೇಡಂ. ಕೇಳಿದ್ರೆ ನೀವು ಹೇಳಬೇಕಾಗುತ್ತೆ, ನೀವು ಹೇಳಿದ್ರೆ ನಾನು ಬರೆಯಬೇಕಾಗುತ್ತೆ. ಇನ್ನೊಂದು ಮಳೆಗಾಲ ನೋಡೋಣ. ಅಲ್ಲೀವರೆಗೂ ಜಿಂಕೆ ತರಿಸಲ್ಲ, ಅಡ್ಡಬೇಲಿ ತೆಗೆಸಲ್ಲ. ಆದರೆ ಮುಂದಿನ ಸಲ ನೀವು ಕೊಡೋದೇ ಕೊನೇ ಮಾತು."

ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೊರಗೆ ಬಂದು ರಸ್ತೆಬದಿಯಲ್ಲಿ ಒಂದು ಎಳನೀರು ಕುಡಿದೆ.

ಮರುವರ್ಷ ಮಳೆ ಬಿದ್ದ ಮೇಲೆ ಅದೇ ಐದು ಗೂಡುಗಳನ್ನು ತೊಟ್ಟಿಗಳಿಂದ ದೂರಕ್ಕೆ, ಬೇರೆ ಕಡೆ ಕೂರಿಸಿದೆ. ಬಿಲ್ಲೆಗಳನ್ನು ಬಿಚ್ಚಿಬಿಡೋಣ ಅಂದೆ. ಕಾವಲಿನವರು ಒಪ್ಪಲಿಲ್ಲ, ಬಿಲ್ಲೆ ಇಲ್ಲದಿದ್ದರೆ ಯಾರಾದರೂ ಜಾಲರಿ ಹೊತ್ತುಕೊಂಡು ಹೋಗುತ್ತಾರೆ ಎಂದರು. ಅತ್ತಿಗೆಯನ್ನು ಕೂರಿಸಿಕೊಂಡು, ಒಂದು ಹನಿ ನೀರೂ ಸೋಕಿಸಬಾರದು, ಒಣಗಿದರೆ ಒಣಗಲಿ, ಒಣಗುವುದೂ ಒಂದು ಉತ್ತರವೇ ಎಂದು ಮತ್ತೆ ಮತ್ತೆ ಹೇಳಿದೆ.

"ಆಯ್ತು ಬುಡು," ಅಂದಳು. "ಉಯ್ಯಾಕಿಲ್ಲ."

ಆ ವರ್ಷವೂ ಆಷಾಢ ಒಣಗಿತು. ಈ ಸಲ ನಾನು ಬೇಗ ಹೋದೆ. ಒಂದು, ಎರಡು, ಮೂರು, ನಾಲ್ಕು ಗೂಡುಗಳಲ್ಲಿ ಗರಿಕೆ ಕೆಂಪಾಗಿ ನೆಲ ಹಿಡಿದಿತ್ತು, ಕರಡದ ಹುಲ್ಲು ಸುರುಟಿಕೊಂಡಿತ್ತು. ನೋಡಿ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಎಲಚಿ ಮರದ ಬುಡದ ಐದನೆಯ ಗೂಡಿಗೆ ಹೋದರೆ ಹಸಿರೋ ಹಸಿರು. ಬೆರಳಿಟ್ಟೆ. ಮಣ್ಣು ತಣ್ಣಗೆ ಒದ್ದೆಯಾಗಿತ್ತು.

ಅತ್ತಿಗೆ ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡು ತೊಟ್ಟಿಯ ಕಡೆಯಿಂದ ಬರುತ್ತಿದ್ದಳು. ನನ್ನನ್ನು ಕಂಡು ನಿಂತಳು. ಬಿಂದಿಗೆಯನ್ನು ಮರೆಮಾಡಲು ಹೋಗಿ, ಎಲ್ಲಿ ಮರೆಮಾಡುವುದು ಎಂದು ತಿಳಿಯದೆ ಕೆಳಗಿಟ್ಟಳು.

"ನೀನು ಮನುಷ್ಯಳಾ ಅತ್ಗೆ?" ಎಂದೆ. "ನಿನ್ನ ಹಸು ಹೊಟ್ಟೆಗೆ ನೀನೇ ಕಲ್ಲು ಹಾಕ್ತಿದ್ದೀಯ. ಈ ಸಲ ಲೆಕ್ಕ ತಪ್ಪಿದ್ರೆ ಅವರು ಮತ್ತೆ ಕೇಳಲ್ಲ. ಜಿಂಕೆ ಬಂದೇ ಬರ್ತವೆ."

"ಒಂದಕ್ಕೇ ಕಣವ್ವ," ಅಂದಳು. "ಎಲ್ಲಾದ್ಕೂ ಉಯ್ನಿಲ್ಲ. ಒಂದಾರ ಅಸ್ರಾಗಿರ್ಲಿ ಅಂತ."

"ಯಾಕೆ? ಜನ ಆಡ್ಕೊಂಡ್ರೆ ಆಡ್ಕೊಳ್ಲಿ ಅಂತ ಹೇಳಿದೀನಲ್ಲ."

ಅವಳು ಮರದ ಬುಡದಲ್ಲಿ ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ನನ್ನ ಮುಖ ನೋಡದೆ, ಗೂಡಿನ ಕಡೆ ನೋಡುತ್ತ ಹೇಳಿದಳು.

"ನಿನ್ ಮದ್ವೇಲಿ ಮೊಳ್ಕೆ ಕುಡ್ಕೆ ಇಟ್ಟಿದ್ರಲ್ಲ. ಅವು ಒಣಗೋದ್ವು."

ನನ್ನದು ಬುದ್ಧನ ಪಂಚಶೀಲ ಹೇಳಿಕೊಂಡು ಆದ ಮದುವೆ. ಆದರೂ ಅವ್ವ ಹಳೆಯದನ್ನು ಬಿಡಲಾರದೆ, ಮಣ್ಣಿನ ಕುಡಿಕೆಗಳಿಗೆ ನವಧಾನ್ಯ ಹಾಕಿಸಿ ಒಳಮನೆಯಲ್ಲಿ ಇಡಿಸಿದ್ದಳು. ಮೊಳಕೆ ಸೊಂಪಾಗಿ ಬಂದರೆ ಹೆಣ್ಣಿನ ಬಾಳು ಸೊಂಪಾಗಿರುತ್ತದೆ ಎಂದು. ಅವಕ್ಕೆ ನೀರು ಹಾಕುವ ಕೆಲಸ ಆಗಷ್ಟೇ ಸೊಸೆಯಾಗಿ ಬಂದಿದ್ದ ಅತ್ತಿಗೆಯದು. ನೆಂಟರು ತುಂಬಿದ ಮನೆ, ಒಲೆಯ ಮುಂದಿನಿಂದ ಏಳಲು ಬಿಡುವಿಲ್ಲ. ಮರೆತಿದ್ದಳು. ನೆನಪಾಗಿ ಓಡಿಹೋಗಿ ನೋಡಿದರೆ ಮೊಳಕೆ ಹಳದಿಯಾಗಿ ಬಾಗಿದ್ದವು. ಯಾರಿಗೂ ಕಾಣಬಾರದೆಂದು ಮೇಲೆ ಚೆಂಡು ಹೂವು ಮುಚ್ಚಿಟ್ಟಳು. ಯಾರೂ ಕೇಳಲಿಲ್ಲ. ಎರಡು ವರ್ಷಕ್ಕೆ ನಾನು ಗಂಡನನ್ನು ಬಿಟ್ಟು ಬಂದು ನಂಜನಗೂಡಿನಲ್ಲಿ ಒಬ್ಬಳೇ ಮನೆ ಮಾಡಿದೆ. ಇದನ್ನೆಲ್ಲ ಅವಳು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು.

"ಅತ್ಗೆ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ," ಎಂದೆ. "ಆ ಮನುಷ್ಯ ನನ್ನ ಸಂಬಳ ನೋಡಿ ಮದುವೆ ಆದವನು. ಕುಡಿಕೇಲಿ ತೆಂಗಿನ ಮರ ಬೆಳೆದಿದ್ರೂ ನಾನು ಬಿಟ್ಟು ಬರ್ತಿದ್ದೆ."

"ನಿಂಗೊತ್ತು ಅದು," ಅಂದಳು. "ನಂಗೆ ಎಂಗೊತ್ತಾಯ್ತದೆ? ಇಷ್ಟು ವರ್ಸ ಆಯ್ತು, ನೀನು ಬಸ್ ಇಳ್ದು ಒಬ್ಳೇ ಬರೋದ್ನ ನೋಡ್ದಾಗೆಲ್ಲ ಆ ಕುಡ್ಕೆ ಕಣ್ ಮುಂದ್ ಬತ್ತದೆ. ಇಲ್ ನೋಡುದ್ರೆ ಇನ್ನೊಂದ್ ಸಲ ನಿನ್ ಎಸ್ರು ಕಟ್ಟಿ ಇಟ್ಟವ್ರೆ. ಉಲ್ಲು ಓದ್ರೆ ಓಯ್ತದೆ. ಅಸ ಮಾರ್ಕಂಡ್ರಾಯ್ತು. ಇನ್ನೊಂದ್ ಸಲ ನನ್ ಕೈಲಿ ಒಣಗ್ಸಕ್ಕಾಗಕಿಲ್ಲ ಕಣವ್ವ."

ನನಗೆ ಅಳು ಬಂತು. ಅವಳ ಮೇಲೆ ಸಿಟ್ಟೂ ಬಂತು, ಅವ್ವನ ಮೇಲೂ ಬಂತು, ಆ ಒಂದು ಹಿಡಿ ಧಾನ್ಯದ ಮೇಲೂ ಬಂತು. ವರ್ಷಗಟ್ಟಲೆ ಮಕ್ಕಳಿಗೆ ಬೀಜ ಮೊಳೆಯುವ ಪಾಠ ಮಾಡಿದ್ದೇನೆ. ನೀರು, ಗಾಳಿ, ಶಾಖ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಅವಳ ಪಕ್ಕದಲ್ಲಿ ಕೂತು ಅವಳ ಮಂಡಿಯ ಮೇಲೆ ಕೈ ಇಟ್ಟೆ. ಒಂದು ಹೆಣ್ಣು ಜಿಂಕೆ ಬಂದು ಬಿಂದಿಗೆ ಮೂಸಿ ಹೋಯಿತು.

ಕೊನೆಗೆ ನಾನೇ ಹೇಳಿದೆ: "ಇದೊಂದನ್ನ ಲೆಕ್ಕದಿಂದ ತೆಗೆದುಬಿಡ್ತೀನಿ. ಇದಕ್ಕೆ ಎಷ್ಟು ಬೇಕಾದ್ರೂ ಉಯ್ಯಿ. ಆದ್ರೆ ಮಿಕ್ಕ ನಾಲ್ಕರ ಹತ್ರ ಸುಳೀಬೇಡ. ನನ್ನ ಮೇಲೆ ಆಣೆ."

"ಅಂಗ್ ಮಾಡಬೋದಾ?" ಎಂದು ಅನುಮಾನದಿಂದ ಕೇಳಿದಳು.

ಮಾಡಬಹುದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ನೀರು ಹುಯ್ದ ಗೂಡನ್ನು ಬಿಡುವುದು ಸರಿಯಾದ ಕ್ರಮವೇ. ಆದರೆ ಹೋದ ವರ್ಷ ಒಣಗಿದ ಗೂಡನ್ನು ಬಿಟ್ಟಿದ್ದೆ, ಈ ವರ್ಷ ಹಸಿರಾದದ್ದನ್ನು ಬಿಡುತ್ತಿದ್ದೇನೆ. ಎರಡು ಸಲವೂ ನನ್ನ ಹತ್ತಿರ ಒಳ್ಳೆಯ ಕಾರಣವಿತ್ತು. ಅದೇ ನನಗೆ ಹೆದರಿಕೆ.

ನವೆಂಬರಿನಲ್ಲಿ ನಾಲ್ಕು ಗೂಡುಗಳ ಹುಲ್ಲು ಕತ್ತರಿಸಿ ತೂಗಿದೆ. ಸಂಖ್ಯೆ ಈಗಿರುವ ಜಿಂಕೆಗಳಿಗೆ ಸರಿಸರಿಯಾಗಿ ಬಂತು. ಹೊರಗಿನದಕ್ಕೆ ಜಾಗವಿಲ್ಲ, ಇವು ಮರಿ ಹಾಕಿ ಹೆಚ್ಚಿದರೆ ಇವನ್ನೂ ಸಾಗಿಸಬೇಕು ಎಂದಾಯಿತು. ಅತ್ತಿಗೆಗೆ ಬೇಕಾದ ಉತ್ತರವೇ ಬಂದದ್ದರಿಂದ ಅದನ್ನು ನಂಬಲು ನನಗೆ ಮೊದಲಿಗಿಂತ ಕಷ್ಟವಾಯಿತು. ಮತ್ತೆ ಮತ್ತೆ ತೂಗಿದೆ. ಸಭೆಯಲ್ಲಿ ಅದನ್ನು ಓದಿದೆ. ಯಜಮಾನರು ಮುಖ ಸಣ್ಣ ಮಾಡಿಕೊಂಡರು. ಅಧಿಕಾರಿ ಕಾಗದದ ಮೇಲೆ ಸಹಿ ಹಾಕಿ, "ಎಲಚಿ ಮರದ ಹತ್ತಿರದ್ದು ಯಾಕೆ ಇದರಲ್ಲಿಲ್ಲ?" ಎಂದು ಕೇಳಿದರು.

"ಅದಕ್ಕೆ ಬೇರೆ ನೀರು ಬಿದ್ದಿದೆ ಸರ್," ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಸಭೆ ಮುಗಿಸಿ ದಿಣ್ಣೆಗೆ ಹೋದೆ. ಜಾಲರಿಗಳನ್ನು ಬಿಚ್ಚಿ ಎತ್ತಿಡಬೇಕಿತ್ತು. ಅತ್ತಿಗೆ ಕುಡುಗೋಲು, ಹಗ್ಗ ಹಿಡಿದುಕೊಂಡು ಅಲ್ಲೇ ಕಾಯುತ್ತಿದ್ದಳು. ಹಿಂದಲ ಬಾರೆ ಉಳಿಯಿತು ಎಂದೆ. ತಲೆಯಾಡಿಸಿದಳು. ಅವಳ ಕಣ್ಣು ಎಲಚಿ ಮರದ ಕಡೆಗಿತ್ತು.

"ಇದ್ನ ಕುಯ್ಯಾಕಿಲ್ವಾ?"

"ಇಲ್ಲ. ಇದರ ಜಾಲರೀನೂ ಬಿಚ್ಚಲ್ಲ."

"ಅಂಗಾರೆ ಬೀಜ ಕಟ್ತದೆ."

"ಕಟ್ಲಿ ಬಿಡು," ಎಂದೆ.

ಅವಳು ಗೂಡಿನ ಪಕ್ಕ ಬಗ್ಗಿ, ಜಾಲರಿಯಿಂದ ಹೊರಗೆ ಬಂದಿದ್ದ ಒಂದು ತೆನೆಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದಳು. ಆಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಹಸುಗಳಿಗೆ ಹುಲ್ಲು ಕೊಯ್ಯಲು ಹಿಂದಲ ಬಾರೆಗೆ ಹೋದಳು.